ಅಮ್ಮನ ಕೊನೇ ಬಿಡಾರ

ಬರೋ ತಿಂಗಳಿಗೆ ಅಮ್ಮ ಹೋಗಿ ಒಂದು ವರ್ಷ. ಗೋರಿಗೆ ಕಲ್ಲು ಹಾಕಿಸ್ಬೇಕು, ಯಾವ ವಾಕ್ಯ ಬರೆಸೋದು ಹೇಳು ಅಂತ ತಮ್ಮ ದಿನಾ ಫೋನ್ ಮಾಡ್ತಿದ್ದ, ನನ್ನ ಮನಸ್ಸು ಮಾತ್ರ ಒಂದೇ ಒಂದು ಪದಕ್ಕೆ ಸಿಕ್ಕಾಕೊಂಡು ಕೂತಿತ್ತು.

ಮಣ್ಣು ಮಾಡಿದ ದಿನ ಸಭಾಪಾಲಕರು ಯೋಹಾನನ ಸುವಾರ್ತೆ 14ನೇ ಅಧ್ಯಾಯದಿಂದ ಓದಿದ್ರು. ನಮ್ಮ ಹಳೇ ಕನ್ನಡ ಬೈಬಲ್‌ನಲ್ಲಿ ತಂದೆಯ ಮನೆಯಲ್ಲಿ ಬಹಳ "ಬಿಡಾರಗಳು" ಅಂತ ಇದೆ. ಚಿಕ್ಕೋಳಿದ್ದಾಗಿಂದ ಕೇಳಿದ್ದೇ, ಆದ್ರೆ ಅವತ್ತು ಚುಚ್ಚಿಬಿಡ್ತು. ಅಪ್ಪ ರೈಲ್ವೆಲಿದ್ರು. ಅರಸೀಕೆರೆ, ಬೀರೂರು, ಹರಿಹರ, ಗದಗ ಅಂತ ಕ್ವಾರ್ಟರ್ಸ್‌ನಿಂದ ಕ್ವಾರ್ಟರ್ಸ್‌ಗೆ ಬಿಡಾರ ಕೀಳೋದು, ಹೂಡೋದು, ಅಮ್ಮನ ಅರ್ಧ ಆಯಸ್ಸು ಅದ್ರಲ್ಲೇ ಹೋಯ್ತು. ಹಿತ್ತಾಳೆ ಪಾತ್ರೆಗಳನ್ನ ಹಳೇ ಸೀರೆ ತುಂಡಲ್ಲಿ ಸುತ್ತಿ ಟ್ರಂಕಿಗೆ ತುಂಬೋಳು. ಹರಿಹರದಲ್ಲಿ ಹಿತ್ತಲಿಗೆ ಹಾಕಿದ್ದ ನುಗ್ಗೆ ಮೊದಲ ಸಲ ಹೂ ಬಿಟ್ಟಿತ್ತು, ಆಗ್ಲೇ ಟ್ರಾನ್ಸ್‌ಫರ್ ಆರ್ಡರ್ ಬಂತು, ಹೊರಡೋ ದಿನ ಬೆಳಗ್ಗೆ ಅದ್ರ ಕಾಂಡ ಸವರ್ತಾ ನಿಂತಿದ್ಲು, ಅಳ್ಲಿಲ್ಲ. ಇಂಥೋಳಿಗೆ ಅಲ್ಲೂ ಬಿಡಾರಾನೇನಪ್ಪಾ ದೇವ್ರೇ ಅಂತ ಹೊಟ್ಟೆ ಉರೀತು ನಂಗೆ.

ಆಮೇಲೆ ಸಮಾಧಾನವಾಗಿ ಕೂತು ಓದ್ದೆ. ಮೂಲದಲ್ಲಿರೋ ಗ್ರೀಕ್ ಪದ ಮೊನೇ ಅಂತೆ, ಉಳ್ಕೊಳ್ಳೋದು, ನೆಲೆಸೋದು ಅನ್ನೋ ಕ್ರಿಯಾಪದದಿಂದ ಹುಟ್ಟಿದ್ದು. 15ನೇ ಅಧ್ಯಾಯದಲ್ಲಿ ದ್ರಾಕ್ಷಿ ಬಳ್ಳಿ ವಿಷ್ಯ ಹೇಳ್ತಾ ನನ್ನಲ್ಲಿ ನೆಲೆಗೊಂಡಿರಿ ಅಂತಾನಲ್ಲ ಯೇಸು, ಅದೇ ಕ್ರಿಯಾಪದ. ಇಡೀ ಹೊಸ ಒಡಂಬಡಿಕೆಲಿ ಈ ಮೊನೇ ಬರೋದು ಎರಡೇ ಸಲ, ಎರಡೂ ಯೋಹಾನ 14ರಲ್ಲೇ. 2ನೇ ವಚನದಲ್ಲಿ ತಂದೆ ಮನೇಲಿ ನಮಗಿರೋ ಜಾಗ. 23ನೇ ವಚನದಲ್ಲಿ, ನನ್ನನ್ನ ಪ್ರೀತಿಸೋರ ಹತ್ರ ತಂದೆಯೂ ನಾನೂ ಬಂದು ಅವ್ರ ಜೊತೆ ವಾಸ ಮಾಡ್ತೀವಿ ಅನ್ನೋ ಮಾತು. ಅಂದ್ರೆ ನಾವು ಅಲ್ಲಿಗೆ ಹೋಗೋದಕ್ಕೆ ಮುಂಚೆ ಅವ್ರೇ ಇಲ್ಲಿಗೆ ಬಂದಿರ್ತಾರೆ!

ಇದನ್ನ ಓದಿದ್ಮೇಲೆ ನೆನಪಾಗಿದ್ದು ಆ ಟ್ರಂಕು. ಯಾವ ಊರಿಗೇ ಹೋಗ್ಲಿ, ಸಾಮಾನು ಬಿಚ್ಚೋ ಮುಂಚೆ, ಸುಣ್ಣದ ವಾಸನೆ ಹೊಡೆಯೋ ಖಾಲಿ ರೂಮಲ್ಲಿ ಅಮ್ಮ ಅದ್ರ ಮೇಲೆ ಕೂತು ಸೆರಗು ತಲೆಗೆ ಹಾಕ್ಕೊಂಡು ಪ್ರಾರ್ಥನೆ ಮಾಡೋಳು. ಅವಳ ನಿತ್ಯಜೀವ ಕಳೆದ ವರ್ಷ ಶುರುವಾಗಿದ್ದಲ್ಲ. ಯಾರ ಜೊತೆ ಈಗಿದಾಳೋ ಅವ್ರ ಜೊತೇಲೇ ಬೀರೂರಲ್ಲೂ ಇದ್ಲು, ಗದಗಲ್ಲೂ ಇದ್ಲು.

ಹಾಗಂತ ಆತ್ಮ ಎಲ್ಲೋ ತೇಲ್ಕೊಂಡಿರೋದೇ ಪರಲೋಕ ಅಂತ ನಾನು ನಂಬಲ್ಲ. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣದಲ್ಲಿ ಶರೀರದ ಪುನರುತ್ಥಾನ, ಅಂದ್ರೆ ಸತ್ತ ದೇಹ ಮತ್ತೆ ಜೀವ ಪಡೆದು ಏಳೋದು, ಅಂತ ಬಾಯಿಬಿಟ್ಟು ಹೇಳ್ತೀವಲ್ಲ, ನಂಗೆ ಅದು ಬೇಕೇ ಬೇಕು. ಸಂಧಿವಾತಕ್ಕೆ ಅಮ್ಮನ ಬೆರಳು ಸೊಟ್ಟಗಾಗಿ ಕೊನೇ ವರ್ಷ ಚಪಾತಿ ಮುರಿಯೋಕೂ ಆಗ್ತಿರ್ಲಿಲ್ಲ, ನಾನೇ ಮುರಿದು ಕೊಡ್ತಿದ್ದೆ. ಆ ಕೈ ಮತ್ತೆ ನೆಟ್ಟಗಾಗ್ಬೇಕು. ಯೇಸುವಿನ ಅಪೊಸ್ತಲ ಪೌಲ ಗುಡಾರ ಮಾಡೋ ಕಸುಬಿನವನು, ಈ ದೇಹನ ಗುಡಾರ ಅಂತಾನೆ, ಅದು ಕಿತ್ತೋದ್ರೂ ದೇವರು ಕಟ್ಟಿದ ಮನೆ ನಮಗಿದೆ ಅಂತ ಕೊರಿಂಥದವರಿಗೆ ಬರೆದ ಎರಡನೇ ಪತ್ರದ 5ನೇ ಅಧ್ಯಾಯದಲ್ಲಿ ಹೇಳ್ತಾನೆ. ಎಷ್ಟು ಗುಡಾರ ಹರಿಯೋದನ್ನ ಕಣ್ಣಾರೆ ನೋಡಿದ್ನೋ.

ಈಗ್ಲೂ ಅಳು ಬರುತ್ತೆ, ಮುಖ್ಯವಾಗಿ ಸಂಜೆ ಹೊತ್ತು. ಸತ್ತುಹೋಗಿದ್ದ ಗೆಳೆಯ ಲಾಜರನ ಗೋರಿ ಹತ್ರ ಯೇಸುನೇ ಅತ್ತ, ಇನ್ನೊಂದು ಸ್ವಲ್ಪ ಹೊತ್ತಿಗೆ ಅವನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ರೂ.

ಶನಿವಾರ ಕಲ್ಲು ಕೆತ್ತೋರ ಹತ್ರ ಹೋಗಿದ್ವಿ. ನಾನು ಚೀಟಿಲಿ ಯೋಹಾನ 14:23 ಅಂತ ಬರೆದೆ. ಅಕ್ಕ, ಅವತ್ತು ಓದಿದ್ದು 2ನೇ ವಚನ ಅಲ್ವಾ ಅಂದ ತಮ್ಮ. ಅದನ್ನೂ ಬರೆದು, ಎರಡೂ ಕೆತ್ತಿ ಅಂತ ಹೇಳಿ ಬಂದ್ವಿ.