ಇ-ಪುಸ್ತಕದಿಂದ ಅಚ್ಚಿಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಗೆಳೆಯರ ಪ್ರಬಂಧ ಸಂಕಲನವು ಇ-ಪಬ್ (ಇ-ಪುಸ್ತಕದ ಕಡತ) ರೂಪದಲ್ಲಿ ಸಿದ್ಧವಾಗಿದ್ದು, ಅದನ್ನು ಮುದ್ರಣಾಲಯಕ್ಕೆ ಕೊಡಬಹುದಾದ ಪಿಡಿಎಫ್ ಆಗಿಸಲು ಯಾವ ತಂತ್ರಾಂಶ ಬಳಸಬೇಕೆಂಬ ಚರ್ಚೆ ನಮ್ಮಲ್ಲಿ ನಡೆದಿದೆ. ಇ-ಪುಸ್ತಕಗಳನ್ನು ನಿರ್ವಹಿಸುವ ಕ್ಯಾಲಿಬರ್ ಕ್ಷಣದಲ್ಲಿ ಪಿಡಿಎಫ್ ಮಾಡಿಕೊಡುತ್ತದೆಯಾದರೂ, ಡೆಮಿ 1/8 ಆಕಾರದ (ಕನ್ನಡ ಪುಸ್ತಕಗಳ ಸಾಮಾನ್ಯ ಅಳತೆಯ) ಪುಸ್ತಕಕ್ಕೆ ಬೇಕಾದಷ್ಟು ಹಿಡಿತ ಅದರಲ್ಲಿ ಸಿಗದೆಂಬುದು ನನ್ನ ಅಭಿಪ್ರಾಯ. ಇನ್‌ಡಿಸೈನ್ ಎಂಬ ಪುಟವಿನ್ಯಾಸದ ತಂತ್ರಾಂಶ ಸಮರ್ಥವಾದದ್ದೇ, ಆದರೆ ಒಂದು ಪುಸ್ತಕಕ್ಕಾಗಿ ತಿಂಗಳ ಬಾಡಿಗೆ ಕಟ್ಟುವವರು ಯಾರು?

ನನ್ನ ಒಲವು ಕಡತದ ರೂಪ ಬದಲಿಸುವ ಪ್ಯಾನ್‌ಡಾಕ್ ಮೂಲಕ ಇ-ಪಬ್ಬನ್ನು ಲೇಟೆಕ್ (ಪುಟವಿನ್ಯಾಸದ ಸೂಚನೆಗಳನ್ನು ಪಠ್ಯದೊಳಗೇ ಬರೆಯುವ ರೂಪ) ಕಡತವಾಗಿಸಿ, ಝೀಟೆಕ್‌ನಲ್ಲಿ ಪುಟ ಕಟ್ಟುವುದರ ಕಡೆಗಿದೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1978ರಲ್ಲಿ ಹೊರತಂದ ಅಕ್ಷರಜೋಡಣೆ ತಂತ್ರಾಂಶ ಟೆಕ್‌ನ ವಂಶಕ್ಕೆ ಸೇರಿದ ಇದು ಯೂನಿಕೋಡನ್ನು ನೇರವಾಗಿ ಓದುತ್ತದೆ. ಕನ್ನಡ ಪದಗಳನ್ನು ಸಾಲಿನ ಕೊನೆಯಲ್ಲಿ ಒಡೆಯುವ ನಿಯಮಗಳೂ ಇದಕ್ಕೆ ಲಭ್ಯವಿರುವುದರಿಂದ, ‘ಹೇಳಿಕೊಳ್ಳಬೇಕಾಗಿರುವುದರಿಂದ’ ಎಂಬಂಥ ಉದ್ದದ ಪದ ಬಂದಾಗಲೂ ಸಾಲಿನ ನಡುವೆ ಬಿಳಿ ಕಿಂಡಿಗಳು ಉಳಿಯುವುದಿಲ್ಲ. ಕಾಸರಗೋಡಿನ ಬರಹಗಳಲ್ಲಿ ಮಲೆಯಾಳದ ಮಾತುಗಳು ಅದರದೇ ಲಿಪಿಯಲ್ಲಿ ನಡುನಡುವೆ ಬರುವುದು ಸಹಜವಷ್ಟೆ, ಭಾಷೆಗೊಂದು ಫಾಂಟ್ ಗೊತ್ತುಪಡಿಸಿದರೆ ಆ ಕೆಲಸವೂ ಮುಗಿಯಿತು.

ಸಾಲಿನ ಅಂತರವನ್ನು ಮಾತ್ರ ನಾವೇ ನೋಡಿಕೊಳ್ಳಬೇಕು. 11 ಪಾಯಿಂಟಿನ ಅಕ್ಷರಕ್ಕೆ 13 ಪಾಯಿಂಟ್ ಅಂತರವಿಟ್ಟರೆ ‘ರಾಷ್ಟ್ರ’ದ ಒತ್ತುಗಳು ಕೆಳಸಾಲಿನ ಗುಡಿಸಿಗೆ ತಾಗುತ್ತವೆ; 17 ಇಟ್ಟರೆ ಕಣ್ಣಿಗೆ ಹಿತ, ಪುಟಗಳು ಹೆಚ್ಚಾದರೆ ಆಗಲಿ. 2023ರಲ್ಲಿ ಮುಕ್ತ ತಂತ್ರಾಂಶವಾದ, ಇದೇ ಕೆಲಸ ಮಾಡುವ ಟೈಪ್‌ಸ್ಟ್ ಕಲಿಯಲು ಸುಲಭವೆನ್ನುವ ಕಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಈ ಪುಸ್ತಕಕ್ಕೆ ಹಳೆಯದೇ ಇರಲಿ. ಮುಖಪುಟವನ್ನು ಪುಟವಿನ್ಯಾಸದ ಉಚಿತ ತಂತ್ರಾಂಶವಾದ ಸ್ಕ್ರೈಬಸ್‌ನಲ್ಲಿ, ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಅಂಚು) ಬಿಟ್ಟು, ಪ್ರತ್ಯೇಕವಾಗಿ ಸಿದ್ಧಪಡಿಸುತ್ತಿದ್ದೇವೆ.