ನರ್ಸ್‌ಗಳು ಏಕೆ ಉಳಿಯುತ್ತಿಲ್ಲ?

ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ; ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಇಲ್ಲಿಗೆ ಕಲಿಯಲು ಬರುವವರಿದ್ದಾರೆ. ಆದರೂ ತಾಲ್ಲೂಕು ಆಸ್ಪತ್ರೆಯ ತುಂಬಿದ ವಾರ್ಡಿನಲ್ಲಿ ರಾತ್ರಿ ಪಾಳಿಗೆ ಒಬ್ಬರೇ ನರ್ಸ್ ಓಡಾಡುವುದನ್ನು ನಾನು ಕಂಡಿದ್ದೇನೆ. ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿ, ಶಿಕ್ಷಣ ಸಾಲವನ್ನು ಹೊತ್ತ ಹುಡುಗಿಯೊಬ್ಬಳು ಇಲ್ಲಿನ ಸಂಬಳವನ್ನು ನೋಡಿ ಗಲ್ಫ್ ದೇಶಕ್ಕೋ ಬ್ರಿಟನ್ನಿಗೋ ಹೊರಟರೆ, ಅವಳನ್ನು ದೂರಲು ನನಗೆ ಮನಸ್ಸು ಬಾರದು. ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ಕೇಂದ್ರ ಸರ್ಕಾರವು ರಚಿಸಿದ ಸಮಿತಿಯು 2016ರಲ್ಲಿಯೇ, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದೂ, 200ಕ್ಕೂ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಕೊಡಬೇಕೆಂದೂ ಶಿಫಾರಸು ಮಾಡಿತ್ತು. ಅದನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವುದೇ ಮೊದಲ ಕೆಲಸವಾಗಬೇಕೆಂದು ನಾನು ನಂಬಿದ್ದೇನೆ.

ಫಿಸಿಯೋಥೆರಪಿಯ ವಿಷಯದಲ್ಲಿಯೂ ಕೊರತೆಯಿದೆ, ಆದರೆ ಅದು ಯಾರ ಕಣ್ಣಿಗೂ ಬೀಳುವುದೇ ಇಲ್ಲ. ಲಕ್ವ ಹೊಡೆದವರಿಗೆ ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಬೇಕಾಗುತ್ತದೆ; ಮಾಡಿಸುವವರು ಹತ್ತಿರದಲ್ಲಿಲ್ಲದಿದ್ದರೆ ಬಸ್ ಖರ್ಚಿಗೂ ಕೂಲಿ ನಷ್ಟಕ್ಕೂ ಅಂಜಿ ಮನೆಯವರು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ. 2021ರ ಕೇಂದ್ರ ಕಾಯ್ದೆಯು ಫಿಸಿಯೋಥೆರಪಿಸ್ಟ್‌ಗಳಿಗೂ ಇತರ ಸಹಾಯಕ ಆರೋಗ್ಯ ವೃತ್ತಿಪರರಿಗೂ ರಾಷ್ಟ್ರೀಯ ಆಯೋಗವನ್ನೂ ನೋಂದಣಿಯನ್ನೂ ಒದಗಿಸಿದೆಯಾದರೂ, ತಾಲ್ಲೂಕು ಮಟ್ಟದಲ್ಲಿ ಕಾಯಂ ಹುದ್ದೆಗಳನ್ನು ಸೃಷ್ಟಿಸಬೇಕಾದದ್ದು ರಾಜ್ಯ ಸರ್ಕಾರವೇ.