ಸೆಕೆಯ ದೊಡ್ಡ ಪಾಲು ಕಡಲಲ್ಲಿದೆ

ಎಲ್ಲಿ ಹೋದರೂ ಸೆಕೆಯದ್ದೇ ಮಾತು. ಆದರೆ ನಾವು ಉಗುಳುವ ಹೊಗೆಯಿಂದಾಗಿ ಭೂಮಿ ಹಿಡಿದಿಟ್ಟುಕೊಂಡ ಹೆಚ್ಚುವರಿ ಶಾಖದಲ್ಲಿ ಗಾಳಿಗೆ ಸಿಕ್ಕಿದ್ದು ಒಂದು ಚೂರು ಮಾತ್ರ. ಶೇ. 90ರಷ್ಟು ಸಮುದ್ರದ ಒಳಗೆ ಹೋಗಿದೆ. ಕಡಲಿನ ಮೇಲಿನ ಸುಮಾರು 3 ಮೀಟರ್ ನೀರು ಸಾಕು, ಇಡೀ ವಾತಾವರಣ ಹಿಡಿಯುವಷ್ಟು ಶಾಖ ಹಿಡಿಯುತ್ತದೆ!

ಇದನ್ನು ಅಳೆಯುವ ಆರ್ಗೋ ತೇಲುಯಂತ್ರಗಳ ಬಗ್ಗೆ ಓದಿದಾಗೆಲ್ಲ ಖುಷಿಯಾಗುತ್ತದೆ. ಉದ್ದನೆಯ ಕೊಳವೆ, ತಲೆಯ ಮೇಲೊಂದು ಆಂಟೆನಾ. 1,000 ಮೀಟರ್ ಆಳದಲ್ಲಿ ಹರಿವು ಒಯ್ದ ಕಡೆ ಸುಮ್ನೆ ಸಾಗುತ್ತದೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್‌ಗೆ ಇಳಿಯುತ್ತದೆ. ಆಮೇಲೆ ಹೊಟ್ಟೆಯೊಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ತಳ್ಳಿ, ಹಿಗ್ಗಿ, ಉಷ್ಣತೆ ಮತ್ತು ಉಪ್ಪಿನಂಶ ಅಳೆಯುತ್ತಾ ಮೇಲೇರುತ್ತದೆ. ಲೆಕ್ಕವನ್ನು ಉಪಗ್ರಹಕ್ಕೆ ಕಳಿಸಿ ಮತ್ತೆ ಮುಳುಗುತ್ತದೆ. ಜಗತ್ತಿನಲ್ಲಿ ಇಂಥವು ಸುಮಾರು 4,000 ಇವೆ. ಹಿಂದೂ ಮಹಾಸಾಗರದಲ್ಲಿ ಹೈದರಾಬಾದಿನ ಇಂಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆಯೂ ಇವನ್ನು ಬಿಟ್ಟಿದೆ.

ಗಾಳಿಯ ತಾಪ ಒಂದು ವರ್ಷ ಜಾಸ್ತಿ, ಇನ್ನೊಂದು ವರ್ಷ ಕಡಿಮೆ. ಎಲ್ ನಿನೋ (ಪೆಸಿಫಿಕ್ ಸಾಗರದ ಮೇಲ್ನೀರು ಆಗಾಗ ಬೆಚ್ಚಗಾಗುವುದು) ಬಂದರೆ ಏರುತ್ತದೆ, ಹೋದರೆ ಇಳಿಯುತ್ತದೆ. ಕಡಲಿನ ಶಾಖದ ಗೆರೆ ಮಾತ್ರ ದಶಕಗಳಿಂದ ಮೇಲಕ್ಕೇ ಹೋಗುತ್ತಿದೆ. ನನ್ನನ್ನು ಹೆದರಿಸುವುದು ಇದೇ.

2021ರ ತೌಕ್ತೆ ನೆನಪಿದೆ ಅಲ್ವಾ? ಉಳ್ಳಾಲದ ದಡ ಕೊರೆದ ಆ ಚಂಡಮಾರುತ ಬಲ ಪಡೆದದ್ದು ಬೆಚ್ಚಗಾದ ಅರಬ್ಬಿ ನೀರಿನಿಂದ. 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. ಬಿಸಿ ನೀರು ಹಿಗ್ಗುವುದರಿಂದ ಸಮುದ್ರಮಟ್ಟವೂ ಏರುತ್ತದೆ. ಇವತ್ತೇ ಹೊಗೆ ಉಗುಳುವುದು ನಿಲ್ಲಿಸಿದರೂ ಆಳದ ನೀರು ನೂರಾರು ವರ್ಷ ಬಿಸಿಯಾಗುತ್ತಲೇ ಇರುತ್ತದಂತೆ. ಆದರೆ ಎಷ್ಟು ಬಿಸಿಯಾಗಬೇಕು ಅನ್ನೋದು ಇನ್ನೂ ನಮ್ಮ ಕೈಯಲ್ಲೇ ಇದೆ.